ಟಕ್ ಎಂದ ಮೇಲೆ

ಸ್ಟೂಲು ಇಷ್ಟು ಎತ್ತರವಿದೆ ಎಂದು ಅವಳಿಗೆ ಈ ತನಕ ಗೊತ್ತೇ ಇರಲಿಲ್ಲ. ಕೂತರೆ ಕಾಲು ನೆಲಕ್ಕೆ ತಾಕುವುದಿಲ್ಲ; ಅಡ್ಡಪಟ್ಟಿಯ ಮೇಲಿಟ್ಟರೆ ಮೊಣಕಾಲು ಮೇಲೆದ್ದು ಹೊಟ್ಟೆ ಮುದುಡಿಕೊಳ್ಳುತ್ತದೆ. ತಿರುಗಿಸಿ ತಗ್ಗಿಸಬಹುದಾದ ಸ್ಟೂಲೇ ಅದು, ಆದರೆ ಹೊಂದಿಸಿಟ್ಟ ಬೆಳಕು ಕೆಟ್ಟೀತೆಂದು ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಇದರ ಮೇಲೆ ಊರಿನ ಅರ್ಧ ಜನರನ್ನು ಕೂರಿಸಿ, ಆರಾಮಾಗಿ ಕೂತ್ಕೊಳ್ಳಿ, ಮನೇಲಿ ಇರೋ ಹಾಗೆ ಇರಿ ಎಂದು ತಾನೇ ಹೇಳುತ್ತ ಬಂದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಮನೆಯಲ್ಲಿ ಯಾವ ಪುಣ್ಯಾತ್ಮರು ಹೀಗೆ ಕೂರುತ್ತಾರೆ? ಎರಡು ಕಡೆಯಿಂದ ದೀಪಗಳು ಮುಖಕ್ಕೆ ಬಡಿಯುತ್ತಿದ್ದವು. ದೀಪಗಳ ಆಚೆ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಅಣ್ಣನಿದ್ದಾನೆ, ಅವನ ಪಕ್ಕದ ಮೇಜಿನ ಮೇಲೆ ಎರಡು ಕ್ಯಾಮೆರಾಗಳಿವೆ, ಪರದೆಯ ಹತ್ತಿರ ಅತ್ತಿಗೆ ನಿಂತಿದ್ದಾರೆ ಎಂಬುದೆಲ್ಲ ಅಂದಾಜಿನಿಂದ ಗೊತ್ತಿತ್ತೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ತಾನು ದಿನವಿಡೀ ಓಡಾಡುವ ಕೋಣೆಯಲ್ಲೇ ಕುರುಡಿಯಾಗಿದ್ದಳು. ಇಷ್ಟು ವರ್ಷ ಬೆಳಕಿನ ಆ ಬದಿಯಲ್ಲಿ ನಿಂತವಳಿಗೆ ಈ ಬದಿಯಲ್ಲಿ ಕೂತವರ ಪಾಡು ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಹೆಚ್ಚು ಹೊತ್ತು ತನ್ನ ಮೇಲೆ ನಿಲ್ಲದೆ ಅಣ್ಣನ ಕಡೆಗೆ ತಿರುಗಿತು.

“ಗದ್ದ ಸ್ವಲ್ಪ ಕೆಳಗೆ, ಪುಟ್ಟಿ,” ಎಂದ ಅಣ್ಣ.

ಅದು ಅವಳದೇ ಮಾತು. ಕೌಂಟರಿನಲ್ಲಿ ಕೂತು ಗಿರಾಕಿಗಳೊಂದಿಗೆ ಹರಟುತ್ತ, ಫ್ರೇಮು ಮಾರುತ್ತ, ಪರದೆಯ ಒಳಗಿನಿಂದ ಕೇಳಿಬರುತ್ತಿದ್ದ ಆ ಮಾತನ್ನು ಅಣ್ಣ ಕಿವಿಯಲ್ಲೇ ಕಲಿತಿದ್ದ. ಅಂಗಡಿ ಅಣ್ಣನದು, ಬೋರ್ಡು ಅಣ್ಣನದು, ಕ್ಯಾಮೆರಾ ಹಿಡಿಯುವ ಕೈ ಮಾತ್ರ ಅವಳದು; ಅಪ್ಪ ಹೋದ ಮೇಲೆ ಯಾರೂ ಕೂತು ಮಾತಾಡದೆ ತನ್ನಷ್ಟಕ್ಕೆ ಹಾಗೆ ಆಗಿಹೋಗಿತ್ತು. ಇನ್ನು ಈ ಪುಟ್ಟಿ. ನಲವತ್ತು ದಾಟಿ, ಓದಲು ಕನ್ನಡಕ ಬಂದು, ಕಿವಿಯ ಮೇಲಿನ ಕೂದಲು ಬೆಳ್ಳಗಾದರೂ ಪುಟ್ಟಿ. ‘ಒಳಗೆ ಹೋಗಿ, ಪುಟ್ಟಿ ತೆಗೀತಾಳೆ’ ಎಂದು ಅಣ್ಣ ಕಳಿಸಿದರೆ, ಬಂದವರು ಪರದೆ ಸರಿಸಿ, ಅವಳನ್ನು ದಾಟಿ, ಪುಟ್ಟಿ ಎಲ್ಲಿ ಎಂದು ಮೂಲೆಯಲ್ಲಿ ಹುಡುಕುತ್ತಿದ್ದರು. ಅದಕ್ಕೆ ಅವಳು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ.

ವಿಷಯ ಇಷ್ಟೇ. ಅಂಗಡಿಗೆ ಹೊಸ ಕ್ಯಾಮೆರಾ ಬಂದಿತ್ತು. ಹಳೆಯದರಿಂದ ಒಂದು ಮುಖ, ಹೊಸದರಿಂದ ಅದೇ ಮುಖ, ಎರಡನ್ನೂ ಆಳೆತ್ತರ ದೊಡ್ಡದು ಮಾಡಿಸಿ ಅಂಗಡಿಯ ಗಾಜಿನ ಹಿಂದೆ ಪಕ್ಕಪಕ್ಕ ನಿಲ್ಲಿಸುವುದು. ಒಂದರ ಕೆಳಗೆ ‘ಹಿಂದೆ’, ಇನ್ನೊಂದರ ಕೆಳಗೆ ‘ಈಗ’. ರಸ್ತೆಯಲ್ಲಿ ಹೋಗುವವರು ನಿಂತು ಹೋಲಿಸಲಿ, ಒಳಗೆ ಬರಲಿ. ಚೀಟಿಗಳನ್ನು ಅಣ್ಣ ಆಗಲೇ ಅಚ್ಚು ಹಾಕಿಸಿ ತಂದಿದ್ದ. ‘ಹೊರಗಿನವರ ಮುಖ ಯಾಕೆ, ನಿಂದೇ ಆಗುತ್ತೆ ಬಿಡು’ ಎಂದು ಬೆಳಿಗ್ಗೆ ಅವನು ಅಂದಾಗ ಅವಳು ಆಗಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಅದಕ್ಕೆ ಕಾರಣ ಒಂದು ಚಿಟಿಕೆ ಪೌಡರು. ಬಾಗಿಲು ತೆಗೆದ ಕೂಡಲೇ ಅಣ್ಣ ಹೊಸ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ಎತ್ತಿ, ಹಸುಗೂಸನ್ನು ಹಿಡಿದವರ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕಣ್ಣಿಡುವ ಕಿಂಡಿಯ ರಬ್ಬರಿನ ಮೇಲೆ ಬೆರಳಾಡಿಸಿ, “ಇದಕ್ಕೆ ಪೌಡರ್ ಮೆತ್ತಿದೆಯಲ್ಲ, ಯಾರು ಮುಟ್ಟಿದ್ದು?” ಎಂದಿದ್ದ. “ನಾನೇ ಕಣ್ರೀ, ಧೂಳು ಒರೆಸೋಕೆ ಹೋಗಿದ್ದೆ,” ಎಂದಿದ್ದರು ಅತ್ತಿಗೆ, ತಲೆಯನ್ನೂ ಎತ್ತದೆ. ಅತ್ತಿಗೆಗೆ ಪೌಡರು ಹಚ್ಚುವ ಅಭ್ಯಾಸವೇ ಇಲ್ಲ. ಆದರೂ ಅಣ್ಣ ನಂಬಿದ. ಹೆಂಡತಿ ಮುಖಕ್ಕೆ ಏನು ಹಚ್ಚುತ್ತಾಳೆ, ಏನು ಹಚ್ಚುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ಬೇರೆಯವರ ಸುಳ್ಳಿನ ಮರೆಯಲ್ಲಿ ನಿಂತು ಬಚಾವಾದವಳಿಗೆ ಆ ಗಳಿಗೆಯಲ್ಲಿ ಏನು ಕೇಳಿದ್ದರೂ ಹೂಂ ಎನ್ನುವ ಸ್ಥಿತಿ. ಹೂಂ ಎಂದಳು, ಬಂದು ಸ್ಟೂಲಿನ ಮೇಲೆ ಕೂತಳು.

ಈಗ ಅಣ್ಣ ಹಳೆಯದನ್ನು ಕೈಗೆತ್ತಿಕೊಂಡ. ನೆರಳಿನಲ್ಲೇ ಅವಳಿಗೆ ಗೊತ್ತಾಯಿತು, ಅವನು ಅದನ್ನು ಕಣ್ಣಿನ ಹತ್ತಿರ ಒಯ್ದು, ಅದಕ್ಕೆ ಕಿಂಡಿಯೇ ಇಲ್ಲವೆಂದು ನೆನಪಾಗಿ, ಮೈಯಿಂದ ದೂರ ಹಿಡಿದ. ಒದ್ದೆ ಮಾಡಿಕೊಂಡ ಪರರ ಮಗುವನ್ನು ಎತ್ತಿದ ಹಾಗೆ. ಅದನ್ನು ಹಾಗೆ ಹಿಡಿಯುವುದಲ್ಲ, ಅದರ ಹಿಂಬದಿಯ ಪರದೆಯನ್ನು ಮೇಲಕ್ಕೆ ಮಡಚಿ, ಹೊಟ್ಟೆಯ ಹತ್ತಿರ ಇಟ್ಟುಕೊಂಡು, ಬಗ್ಗಿ ನೋಡಬೇಕು ಎಂದು ಹೇಳಲು ಅವಳ ತುಟಿ ತುರಿಸಿತು. ಲೆನ್ಸು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಆ ಕಿರಿಕಿರಿ ಸದ್ದು ಅವಳಿಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಮಬ್ಬು ಬೆಳಕಿನಲ್ಲಿ ಅದಕ್ಕೆ ಬೇಗ ಕಣ್ಣು ಕೂರುವುದಿಲ್ಲ. ಹಳೆಯದನ್ನು ಎತ್ತುವ ಮೊದಲು ಅಣ್ಣ ದೀಪಗಳನ್ನು ಬೇಕೆಂದೇ ತಗ್ಗಿಸಿದ್ದ. ಅಷ್ಟೇ ಅಲ್ಲ, ಹಳೆಯದಕ್ಕೆ ಪೆಟ್ಟಿಗೆಯಲ್ಲಿ ಜೊತೆಗೇ ಬಂದ ಬಡಪಾಯಿ ಲೆನ್ಸು, ಹೊಸದಕ್ಕೆ ಬೇರೆಯಾಗಿ ತರಿಸಿದ ಅಗಲ ಬಾಯಿಯ ಲೆನ್ಸು. ಒಬ್ಬನಿಗೆ ಬೂಟು ತೊಡಿಸಿ, ಇನ್ನೊಬ್ಬನನ್ನು ಬರಿಗಾಲಲ್ಲಿ ಕಲ್ಲಿನ ಮೇಲೆ ಓಡಿಸಿ, ಯಾರು ಗೆದ್ದರು ನೋಡಿ ಎನ್ನುವ ಪಂದ್ಯ.

“ಲೆನ್ಸೇ ಬೇರೆ ಬೇರೆ ಅಲ್ವಾ ಅಣ್ಣ?”

“ಜನ ಲೆನ್ಸ್ ನೋಡ್ತಾರೇನೇ? ಮುಖ ನೋಡ್ತಾರೆ. ಅಲ್ಲಾಡ್ಬೇಡ.”

ಟಕ್ ಎಂದಿತು. ಅವಳ ಮುಖ ತಾನಾಗಿ ಸಡಿಲವಾಯಿತು. ಅರೆ, ನಾನೂ ಅದೇ ಮಾಡಿದೆನಲ್ಲ ಎಂದು ಅವಳಿಗೆ ಬೆರಗಾಯಿತು. ಎಲ್ಲರೂ ಅದನ್ನೇ ಮಾಡುತ್ತಾರೆ. ಟಕ್ ಎನ್ನುವ ತನಕ ಮುಖವನ್ನು ಎತ್ತಿ ಹಿಡಿದಿರುತ್ತಾರೆ. ಟಕ್ ಎಂದ ಮೇಲೆ ಇಳಿಸುತ್ತಾರೆ, ಹೊರೆ ಇಳಿಸಿದ ಹಾಗೆ. ಆಗ ಅವರು ಮನೆಗೆ ಬರುತ್ತಾರೆ. ಇದನ್ನು ಅವಳಿಗೆ ಅಪ್ಪ ಕಲಿಸಿರಲಿಲ್ಲ, ಈ ಹಳೆಯ ಕ್ಯಾಮೆರಾದ ಒಂದು ದೋಷವೇ ಕಲಿಸಿತ್ತು. ಪಟ ತೆಗೆದ ಕೂಡಲೇ ಅದರ ಪರದೆ ಕಪ್ಪಾಗುತ್ತದೆ. ಅದನ್ನು ನುಂಗಿ ಅರಗಿಸಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಆ ಕಪ್ಪಿನಲ್ಲಿ ಮಾಡಲು ಬೇರೇನೂ ಕೆಲಸವಿಲ್ಲದೆ ಅವಳು ತಲೆಯೆತ್ತಿ, ಬರಿಗಣ್ಣಿನಿಂದ ಎದುರಿಗಿದ್ದವರನ್ನು ನೋಡುತ್ತಿದ್ದಳು. ಒಂದು ದಿನ ಒಬ್ಬ ಬಸ್ ಡ್ರೈವರ್ ಕೂತಿದ್ದ. ಟಕ್ ಎನ್ನುವವರೆಗೂ ಪೊಲೀಸ್ ಠಾಣೆಯಲ್ಲಿ ಕೂತವನಂತಿದ್ದವನು, ಟಕ್ ಎಂದ ಮೇಲೆ ಉಸಿರು ಬಿಟ್ಟು, ದೂರದಲ್ಲಿ ರಸ್ತೆ ತಿರುಗುವುದನ್ನು ನೋಡುವವನ ಹಾಗೆ ನೋಡಿದ. ಕಣ್ಣ ಸುತ್ತಲಿನ ಸುಕ್ಕುಗಳೆಲ್ಲ ಒಂದೇ ಸಲ ಅರಳಿದವು. ಪರದೆಗೆ ಜೀವ ಬಂದ ತಕ್ಷಣ, ಅವನಿಗೆ ಹೇಳದೆ, ಅವಳು ಇನ್ನೊಂದು ಸಲ ಒತ್ತಿದಳು. ಅಂದಿನಿಂದ ಮೊದಲನೆಯದು ಅವರಿಗೆ, ಎರಡನೆಯದು ಪಟಕ್ಕೆ. ಗಿರಾಕಿಗಳು ಎರಡನೆಯದನ್ನೇ ಆರಿಸುತ್ತಿದ್ದರು, ಯಾಕೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಅಣ್ಣ ಮಾತ್ರ ಅದನ್ನು ಪುಟ್ಟಿಯ ಚಾಳಿ ಎನ್ನುತ್ತಿದ್ದ. ಒಂದಕ್ಕೆ ಎರಡು ಒತ್ತಿ ಕಾರ್ಡು ತುಂಬಿಸುತ್ತಾಳೆ ಎಂದು ಬಂದವರ ಮುಂದೆ ಮೂಗು ಮುರಿಯುತ್ತಿದ್ದ.

ಅಣ್ಣ ಇನ್ನೊಂದು ಸಲ ಒತ್ತಲಿಲ್ಲ. ಹಳೆಯದನ್ನು ಮೇಜಿನ ಮೇಲೆ ಕುಕ್ಕಿ ಹೊಸದನ್ನು ಎತ್ತಿಕೊಂಡ. ಅದು ಅವನ ಮುಖವನ್ನು ಪೂರ್ತಿ ಮುಚ್ಚಿತು. ಅವಳು ಮುಖ ಎತ್ತಿ ಹಿಡಿದು ಕಾದಳು. ಕುತ್ತಿಗೆ ನೋಯಿತು. ತುಟಿಯ ಒಂದು ಕೊನೆ ಅದುರತೊಡಗಿತು. ಮೂಗಿನ ಪಕ್ಕ ತುರಿಸಿತು. ಕಾದಳು.

“ಆಯ್ತು, ಇಳಿ,” ಎಂದ ಅಣ್ಣ.

“ಯಾವಾಗ ತೆಗ್ದೆ?”

“ಆಗಲೇ ಆಯ್ತಲ್ಲ. ರಾಶಿ ಬಂದಿದೆ. ಸದ್ದೇ ಮಾಡಲ್ಲ ಕಣೇ ಇದು, ಅದೇ ಇದರ ಗಮ್ಮತ್ತು.”

ಸ್ನಾನದ ಮನೆಯ ಬಾಗಿಲ ಸಂದಿಯಿಂದ ಯಾರೋ ನೋಡಿ ಹೋದರೆ ಹೇಗೆ ಮೈ ಉರಿಯುತ್ತದೋ ಹಾಗೆ ಉರಿಯಿತು ಅವಳಿಗೆ. ಆದರೆ ಹೊಸದನ್ನು ಬೈಯುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಿನ್ನೆ ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ ಅವಳು ಅದನ್ನು ಕದ್ದು ಎತ್ತಿಕೊಂಡಿದ್ದಳು. ಎಷ್ಟು ಕೀಳಾಗಿ ಕಾಣುತ್ತದೋ ನೋಡೋಣ ಎಂದೇ ಎತ್ತಿಕೊಂಡದ್ದು. ಆದರೆ ಅದು ಕೈಯಲ್ಲಿ ಕೂತ ರೀತಿಗೆ ಅವಳ ಹಟ ಅಲ್ಲೇ ಕರಗಿತು. ಹಳೆಯದರ ಹಿಡಿಯ ರಬ್ಬರು ಕಿತ್ತುಬಂದು ಅಂಟಿನ ಮೇಲೆ ನಿಂತಿದೆ, ಬ್ಯಾಟರಿಯ ಬಾಗಿಲಿಗೆ ಟೇಪು ಸುತ್ತಿದೆ, ಇರುವ ಒಂದೇ ತಿರುಗಣೆಯಲ್ಲಿ ಎಲ್ಲವನ್ನೂ ತಿರುಗಿಸಬೇಕು. ಇದಕ್ಕೆ ಬೆರಳು ಎಲ್ಲಿ ಬೀಳುತ್ತದೋ ಅಲ್ಲೇ ಒಂದು ತಿರುಗಣೆ. ಕೈ ನಡುಗಿದರೂ ಒಳಗೇ ತಡೆದುಕೊಳ್ಳುತ್ತದೆ. ಕಿಂಡಿಗೆ ಕಣ್ಣಿಟ್ಟು ಅತ್ತಿಗೆಯ ಕಡೆಗೆ ತಿರುಗಿಸಿದಳೋ ಇಲ್ಲವೋ, ಒಂದು ಪುಟ್ಟ ಚೌಕ ಓಡಿಹೋಗಿ ಅತ್ತಿಗೆಯ ಕಣ್ಣಿನ ಮೇಲೆ ಕೂತಿತು. ಅತ್ತಿಗೆ ತಿರುಗಿದರೆ ಅದೂ ತಿರುಗಿತು. ಅವಳಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ತಕ್ಷಣವೇ ಅಳುಕೂ ಆಯಿತು. ಮೇಜಿನ ಮೇಲೆ ಹಳೆಯದು ಅವಳ ಕಡೆಗೇ ಮುಖ ಮಾಡಿ ಕೂತಿತ್ತು.

“ಕೂತ್ಕೊಳ್ಳಿ ಅತ್ತಿಗೆ, ಒಂದೇ ಒಂದು,” ಎಂದಿದ್ದಳು. ಅತ್ತಿಗೆ ಸ್ಟೂಲು ಹತ್ತಿ ಫೋಟೋದ ಮುಖ ಮಾಡಿಕೊಂಡರು. ಒತ್ತಿದರೆ ಸದ್ದಿಲ್ಲ, ಕಪ್ಪಾಗುವುದಿಲ್ಲ, ಏನೂ ಇಲ್ಲ. ಅತ್ತಿಗೆ ಆ ಮುಖವನ್ನು ಹಿಡಿದುಕೊಂಡೇ, ತುಟಿ ಅಲ್ಲಾಡಿಸದೆ, “ತೆಗ್ದಿಯೋ ಇಲ್ವೋ?” ಎಂದರು. ಹೀಗಾದರೆ ಇವರು ಮನೆಗೆ ಬರುವುದು ಯಾವಾಗ ಎಂದು ಅವಳು ಕಂಗಾಲಾದಳು. ಕಿಂಡಿಯಿಂದ ಕಣ್ಣು ತೆಗೆದು, ಹಿಂಬದಿಯ ಪರದೆಯನ್ನು ಮಡಚಿ, ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಇಳಿಸಿದಳು. ಆಮೇಲೆ, ಯಾಕೋ ಏನೋ, ನಾಲಿಗೆಯನ್ನು ಅಂಗುಳಿಗೆ ಹೊಡೆದು ಟಕ್ ಎನ್ನಿಸಿದಳು. ಅತ್ತಿಗೆಗೆ ಅದು ಕ್ಯಾಮೆರಾದ್ದೋ ನಾದಿನಿಯದೋ ಗೊತ್ತಾಗಲಿಲ್ಲ. ಮುಖ ಇಳಿಸಿದರು. ಆಗ ಅವಳು ಸದ್ದಿಲ್ಲದೆ ಒತ್ತಿದಳು. ಬಂದ ಪಟವನ್ನು ಇಬ್ಬರೂ ಬಗ್ಗಿ ನೋಡಿದ್ದರು. ಹೊರಗೆ ಅಣ್ಣನ ಚಪ್ಪಲಿಯ ಸದ್ದಾಯಿತು. ಅವಳು ತಡಬಡಾಯಿಸಿ ಪಟಗಳನ್ನು ಅಳಿಸಿ ಕ್ಯಾಮೆರಾವನ್ನು ಪೆಟ್ಟಿಗೆಗೆ ಸೇರಿಸಿದ್ದಳು. ಪೌಡರು ಮಾತ್ರ ಅಲ್ಲೇ ಉಳಿದಿತ್ತು.

ಅಣ್ಣ ಎರಡು ಕ್ಯಾಮೆರಾಗಳ ಕಾರ್ಡುಗಳನ್ನೂ ಕಂಪ್ಯೂಟರಿಗೆ ಹಾಕಿ ಕುರ್ಚಿ ಎಳೆದುಕೊಂಡ. ಅತ್ತಿಗೆ ಅವನ ಹಿಂದೆ ನಿಂತರು, ಅವಳು ಅತ್ತಿಗೆಯ ಹಿಂದೆ. ಹಳೆಯದರ ಪಟ ಬಂತು: ಮೈದಾ ಮೆತ್ತಿದಂಥ ಮುಖ, ಕಣ್ಣುಗಳ ಜಾಗದಲ್ಲಿ ಮಸುಕು. ಪಕ್ಕದಲ್ಲಿ ಹೊಸದರದು ಬಂತು. ಅಣ್ಣ ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ, ಪರದೆಯ ತುಂಬ ಅವಳ ಮೂಗು ತುಂಬುವವರೆಗೆ. ಮೂಗಿನ ಮೇಲೆ ಕನ್ನಡಕ ಒತ್ತಿದ ಎರಡು ಗುಳಿ. ಮೇಲ್ದುಟಿಯ ಮೇಲಿನ ಕೂದಲು, ಒಂದೊಂದೂ ಬೇರೆ ಬೇರೆ. ಎಡಗಣ್ಣು ಬಲಗಣ್ಣಿಗಿಂತ ಕೆಳಗೆ ಜೋತಿದೆ. ಇದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ, ಗೊತ್ತಿದ್ದವರು ಯಾರೂ ಹೇಳಿರಲಿಲ್ಲ. ಇದು ಸುಳ್ಳಲ್ಲ ಎಂದು ಅವಳಿಗೆ ತಿಳಿದಿತ್ತು. ಎಲ್ಲವೂ ನಿಜ, ಎಲ್ಲವೂ ಸ್ಪಷ್ಟ, ಆದರೆ ಅಷ್ಟು ಸ್ಪಷ್ಟದೊಳಗೆ ಯಾರೂ ಇರಲಿಲ್ಲ. ಕುತ್ತಿಗೆ ನೋವನ್ನು ತಡೆದುಕೊಂಡು ಕಾಯುತ್ತಿರುವ ಒಂದು ಚರ್ಮವಿತ್ತು. ಇದು ಗಾಜಿನ ಹಿಂದೆ ನಿಲ್ಲುತ್ತದೆ. ತರಕಾರಿ ತರಲು ಹೋಗುವಾಗ ಅವಳು ಇದರ ಮುಂದೆಯೇ ಹಾದುಹೋಗಬೇಕು. ಜನ ಒಮ್ಮೆ ಇದನ್ನು, ಒಮ್ಮೆ ಅವಳನ್ನು ನೋಡುತ್ತಾರೆ.

“ನೋಡು, ನೋಡು ವ್ಯತ್ಯಾಸ! ಒಂದೊಂದು ಕೂದ್ಲೂ ಎಣಿಸ್ಬಹುದು,” ಎಂದ ಅಣ್ಣ, ತಾನೇ ಒಂದೊಂದನ್ನೂ ನೆಟ್ಟವನ ಹಾಗೆ.

“ಎಣಿಸಿ ಏನ್ ಮಾಡ್ಬೇಕು?” ಎಂದರು ಅತ್ತಿಗೆ.

“ನಿಂಗೆ ಅರ್ಥ ಆಗಲ್ಲ ಬಿಡು. ಪುಟ್ಟಿ, ಸಾಯಂಕಾಲ ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಬರ್ತೀನಿ. ಚಾರ್ಜರ್ ಎಲ್ಲಾ ಪ್ಯಾಕ್ ಮಾಡು. ಇನ್ಮೇಲೆ ಒಳಗಿನ ಕೆಲಸ ನಾನೇ ನೋಡ್ಕೋತೀನಿ. ಇದು ಎಲ್ಲಾ ತಾನೇ ಮಾಡುತ್ತೆ, ಕಣ್ಣು ತಾನೇ ಹುಡುಕುತ್ತೆ. ನಿಂಗೂ ಕಣ್ಣು ಬೇರೆ ಮಂಜಾಗಿದೆ. ಆರಾಮಾಗಿ ಕೌಂಟರಲ್ಲಿ ಕೂತ್ಕೋ.”

ಹೀಗೆ, ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ, ತಿರುಗಿಯೂ ನೋಡದೆ ಅವನು ಅವಳನ್ನು ಪರದೆಯ ಆಚೆಗೆ ಕಳಿಸಿಬಿಟ್ಟ. ಕೌಂಟರು. ರಬ್ಬರ್ ಬ್ಯಾಂಡು, ಕವರು, ನಾಳೆ ಬನ್ನಿ, ಚಿಲ್ಲರೆ ಇದೆಯಾ. ಪರದೆಯ ಒಳಗಿನಿಂದ ತನ್ನದೇ ಮಾತು ಅಣ್ಣನ ಗಂಟಲಿನಲ್ಲಿ ಕೇಳಿಬರುತ್ತದೆ. ಒಳಗೆ ಹೋದವರು ಎತ್ತಿ ಹಿಡಿದ ಮುಖವನ್ನು ಹಾಗೇ ಹಿಡಿದುಕೊಂಡು ಹೊರಗೆ ಬರುತ್ತಾರೆ. ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಆದರೆ ಕದ್ದವಳು ಯಾವ ಬಾಯಿಂದ ನ್ಯಾಯ ಕೇಳುವುದು?

“ಇದಕ್ಕೆ ಎರಡು ಕಾರ್ಡ್ ಗೊತ್ತಾ?” ಅಣ್ಣ ತನ್ನ ಉತ್ಸಾಹದಲ್ಲೇ ಇದ್ದ. “ಒಂದು ಕೈಕೊಟ್ರೆ ಇನ್ನೊಂದಿರುತ್ತೆ. ತೆಗೆದದ್ದೆಲ್ಲ ಎರಡ್ರಲ್ಲೂ ಕೂರುತ್ತೆ.”

ಹೊಸದರ ಎರಡನೆಯ ಕಾರ್ಡು ಹಾಕಿದ. ಒಂದೇ ಕಾರ್ಡಿನ ಕ್ಯಾಮೆರಾದೊಂದಿಗೆ ಬಾಳಿದವಳು ನಿನ್ನೆ ಒಂದು ಕಾರ್ಡನ್ನೇ ಅಳಿಸಿದ್ದಳು. ಒಂದರಿಂದ ಅಳಿಸಿದರೆ ಎಲ್ಲದರಿಂದ ಹೋಯಿತು ಎಂದೇ ಅವಳ ಬೆರಳುಗಳು ತಿಳಿದಿದ್ದವು. ಅಣ್ಣ ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿಸುತ್ತ ಹೋಗಿ ನಿಂತ.

ಪರದೆಯ ಮೇಲೆ ಅತ್ತಿಗೆ. ಒಂದು ಹುಬ್ಬು ಕೊಂಚ ಮೇಲಕ್ಕೆ ಹೋಗಿದೆ. ತುಟಿ ಮುಚ್ಚಿದೆ, ಆದರೆ ಬಿಗಿದಿಲ್ಲ. ಯಾರ ಅಪ್ಪಣೆಯೂ ಬೇಡ ಎಂಬಂತೆ, ಸರಿ, ಮುಂದೇನು ಎಂಬಂತೆ, ನೇರ ನೋಡುತ್ತಿದ್ದಾರೆ. ಅವರ ಸುಕ್ಕುಗಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು, ಆದರೆ ಎಣಿಸಬೇಕು ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ತಾನು ಮದುವೆಯಾದ ಈ ಹೆಂಗಸನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಯೋಚಿಸುವವನಂತೆ ಅಣ್ಣ ತಲೆ ವಾಲಿಸಿದ.

“ಇದ್ಯಾವಾಗ ತೆಗ್ದೆ ನಾನು?” ಎಂದ ಕೊನೆಗೆ. “ಹಾಂ, ಮೊನ್ನೆ ನಿನ್ನನ್ನ ಕೂರಿಸಿ ಟೆಸ್ಟ್ ಮಾಡಿದ್ನಲ್ಲ, ಆಗ ಬಂದಿರ್ಬೇಕು. ನೋಡಿದ್ಯಾ ಪುಟ್ಟಿ, ಹೊಸದು ಅಂದ್ರೆ ಇದು! ನಿಂದು ಬೇಡ ಬಿಡು, ಗಾಜಿಗೆ ಇದನ್ನೇ ಹಾಕೋಣ. ಕೆಳಗೆ ‘ಈಗ’ ಅಂತ.”

ಬಚಾವಾಗುವ ದಾರಿ ತಾನಾಗಿ ತೆರೆದುಕೊಂಡಿತ್ತು. ಅವಳ ಮುಖ ಗಾಜಿನ ಹಿಂದೆ ಹೋಗುವುದಿಲ್ಲ. ನಿನ್ನೆಯ ಕಳ್ಳತನ ಹೊರಗೆ ಬರುವುದಿಲ್ಲ. ಸುಮ್ಮನಿದ್ದರೆ ಸಾಕು. ಅತ್ತಿಗೆ ತಿರುಗಿ ಅವಳನ್ನು ನೋಡಿದರು. ಬೆಳಿಗ್ಗೆ ಅವಳ ಪರವಾಗಿ ಸುಳ್ಳು ಹೇಳಿದವರು ಈಗ ಏನೂ ಹೇಳಲಿಲ್ಲ. ಪಟದಲ್ಲಿದ್ದ ಹುಬ್ಬೇ ಎದುರಿಗೂ ಸ್ವಲ್ಪ ಮೇಲಕ್ಕೆ ಹೋಯಿತು. ನನ್ನನ್ನು ಹೀಗೆ ನೋಡಿದವಳು ನೀನು, ಅದನ್ನೂ ಇವರಿಗೇ ಬಿಟ್ಟುಕೊಡುತ್ತೀಯಾ ಎಂದು ಆ ಹುಬ್ಬು ಕೇಳುತ್ತಿದೆ ಎಂದು ಅವಳಿಗೆ ಅನ್ನಿಸಿತು.

“ಅದು ನಾನು ತೆಗೆದದ್ದು,” ಎಂದಳು.

“ಏನು?”

“ನಾನು ತೆಗೆದದ್ದು. ನಿನ್ನೆ, ನೀನು ಊಟಕ್ಕೆ ಹೋದಾಗ. ಪೌಡರೂ ನಂದೇ.”

ಅಣ್ಣ ಕುರ್ಚಿಯನ್ನೇ ತಿರುಗಿಸಿದ. ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ತಂಗಿಯನ್ನು. “ಕೇಳದೆ ಮುಟ್ಟಿದ್ಯಾ? ಕಳ್ಳರ ಹಾಗೆ?”

“ಹೂಂ, ಕಳ್ಳರ ಹಾಗೆ. ಕೇಳಿದ್ರೆ ಕೊಡ್ತಿದ್ಯಾ?”

ಅಣ್ಣನ ಮುಖ ಕೆಂಪಗಾಯಿತು, ಆಮೇಲೆ ಒಂದು ನಗು ಎಳೆದುಕೊಂಡು ಬಂದ. “ಸರಿ ಬಿಡು. ಇಂಥ ಕ್ಯಾಮೆರಾ ಕೈಲಿದ್ರೆ ಯಾರು ಒತ್ತಿದ್ರೂ ಬರುತ್ತೆ.”

“ಹೌದಾ? ನೀನೂ ಇದನ್ನೇ ತಾನೇ ಒತ್ತಿದ್ದು, ಈಗ, ನನ್ನನ್ನ ಕೂರಿಸಿ? ಆ ಫೋಟೋ ಹಾಕು. ಹಾಕು ಅಣ್ಣ. ಅದರಲ್ಲಿ ನಾನು ಎಲ್ಲಿದ್ದೀನಿ ತೋರ್ಸು.”

“ನಿನ್ನ ಮುಖವೇ ಹಾಗಿದ್ರೆ ನಾನೇನ್ ಮಾಡ್ಲಿ?”

“ರೀ,” ಎಂದರು ಅತ್ತಿಗೆ. ಒಂದೇ ಅಕ್ಷರ. ಅದರಲ್ಲಿ ಎಷ್ಟು ವರ್ಷಗಳ ಬಿಸಿಯಿತ್ತೆಂದರೆ ಅಣ್ಣ ಕಣ್ಣು ಕೆಳಗೆ ಹಾಕಿದ.

ವಿಚಿತ್ರವೆಂದರೆ ಅವಳಿಗೆ ನೋವಾಗಲಿಲ್ಲ. ನೋವಾಗಬೇಕಾದ ಜಾಗದಲ್ಲಿ ಒಂದು ತಣ್ಣನೆಯ ಧೈರ್ಯ ಬಂದು ಕೂತಿತ್ತು. ಬೆಳಿಗ್ಗೆಯಿಂದ ಅವಳು ಹಳೆಯದರ ಪರ ವಾದಿಸಬೇಕೆಂದುಕೊಂಡಿದ್ದಳು, ಲೆನ್ಸು ಬೇರೆ, ಬೆಳಕು ಕಮ್ಮಿ ಎಂದು. ಎಂಥ ಪೆದ್ದುತನ! ಹಳೆಯದು ಪುಟ್ಟಿಯದು, ಹೊಸದು ನನ್ನದು ಎಂದು ಅಣ್ಣ ಗೆರೆ ಎಳೆದ. ಅವಳೂ ಅದನ್ನು ಒಪ್ಪಿಕೊಂಡು, ಗೆರೆಯ ಈ ಕಡೆ ನಿಂತು ಜಗಳ ಕಾಯಲು ಹೊರಟಿದ್ದಳು. ಹೊಸದು ಒಳ್ಳೆಯದು. ಬಹಳ ಒಳ್ಳೆಯದು. ಒಳ್ಳೆಯದಾದ್ದರಿಂದಲೇ ಅದು ತನಗೆ ಬೇಕು.

“ಕೂತ್ಕೋ ಅಣ್ಣ,” ಎಂದಳು, ಸ್ಟೂಲಿನ ಕಡೆ ಕೈ ಮಾಡಿ. “ನಿಂದು ತೆಗೀತೀನಿ. ಎರಡರಲ್ಲೂ.”

“ತೆಗಿ, ತೆಗಿ, ಅದನ್ನೂ ನೋಡೇಬಿಡೋಣ.” ಅವನು ಎದ್ದು, ಗೋಡೆಯ ಕನ್ನಡಿಯಲ್ಲಿ ಇರುವ ನಾಲ್ಕು ಕೂದಲನ್ನು ನೆತ್ತಿಯ ಮೇಲೆ ಹರಡಿಕೊಂಡು, ಸ್ಟೂಲು ಹತ್ತಿದ. ಅವನ ಕಾಲೂ ನೆಲಕ್ಕೆ ತಾಕಲಿಲ್ಲ. ಅವಳು ದೀಪಗಳನ್ನು ತಾನು ದಿನವೂ ಇಡುವಷ್ಟಕ್ಕೆ ಏರಿಸಿದಳು. ಮೊದಲು ಹಳೆಯದನ್ನು ಎತ್ತಿಕೊಂಡು ಹೊಟ್ಟೆಯ ಹತ್ತಿರ ಹಿಡಿದಳು. ಲೆನ್ಸು ಹುಡುಕಿತು, ಸಿಕ್ಕಿತು. ಟಕ್. ಪರದೆ ಕಪ್ಪಾಯಿತು. ಅವಳು ತಲೆಯೆತ್ತಿದಳು. ಅಣ್ಣನ ಮುಖ ಇಳಿದಿರಲಿಲ್ಲ. ಎತ್ತಿ ಹಿಡಿದ ಹಾಗೇ ಇತ್ತು, ಕಣ್ಣಲ್ಲಿ ಮಾತ್ರ ಕಿಡಿಗೇಡಿ ನಗು.

“ಎರಡನೇದು ಗೊತ್ತು ನಂಗೆ,” ಎಂದ. “ದಿನಾ ಕೇಳಿಸ್ಕೊಂಡಿಲ್ವಾ ಹೊರಗೆ ಕೂತು, ಟಕ್ ಟಕ್ ಅಂತ.”

ಹಾಗಾದರೆ ಚಾಳಿ ಎಂದದ್ದೆಲ್ಲ ಬಾಯಿಮಾತು. ಇವನು ಹೊರಗೆ ಕೂತು, ಫ್ರೇಮು ಒರೆಸುತ್ತ, ಒಂದೊಂದನ್ನೂ ಕಿವಿಗೊಟ್ಟು ಕೇಳಿದ್ದಾನೆ. ಹಳೆಯದು ಇಲ್ಲಿ ಸೋತಿತು. ಸದ್ದು ಮಾಡದೆ ಇರಲು ಅದಕ್ಕೆ ಬರುವುದಿಲ್ಲ. ಅದನ್ನು ಮೇಜಿನ ಮೇಲಿಟ್ಟು ಹೊಸದನ್ನು ಎತ್ತಿಕೊಂಡಳು. ಪರದೆಯನ್ನು ಮಡಚಿ, ಅದೇ ಜಾಗದಲ್ಲಿ, ಹೊಟ್ಟೆಯ ಹತ್ತಿರ ಹಿಡಿದಳು. ಪುಟ್ಟ ಚೌಕ ಓಡಿಹೋಗಿ ಅಣ್ಣನ ಕಣ್ಣಿನ ಮೇಲೆ ಕೂತಿತು. ಇನ್ನು ಅದರ ಕಡೆ ನೋಡುವ ಅಗತ್ಯವಿರಲಿಲ್ಲ. ಅವಳು ಅಣ್ಣನನ್ನೇ ನೋಡಿದಳು. ನಾಲಿಗೆಯನ್ನು ಅಂಗುಳಿಗೆ ಹೊಡೆದಳು: ಟಕ್. ಅಣ್ಣ ಮುಖವನ್ನು ಇನ್ನಷ್ಟು ಬಿಗಿದ. ಹಳೆಯದು ಕಪ್ಪಾಗಿರುತ್ತಿದ್ದಷ್ಟೇ ಹೊತ್ತು ಬಿಟ್ಟು, ಇನ್ನೊಂದು ಸಲ: ಟಕ್.

ಎರಡೂ ಆಯಿತು ಎಂದುಕೊಂಡು ಅಣ್ಣ ಉಸಿರು ಬಿಟ್ಟ. ನೆತ್ತಿಯ ಕೂದಲು ಜಾರಿತು. ಭುಜ ಇಳಿಯಿತು. ಆಗ ಅವನು ಮನೆಗೆ ಬಂದ. ಅವನ ಜೊತೆ ಬಂದದ್ದು ಅವಳು ಎಣಿಸಿದ ಗರ್ವವಲ್ಲ. ಅಪ್ಪ ಅವನ ಕೈಗೆ ಕ್ಯಾಮೆರಾ ಕೊಟ್ಟ ಆ ಒಂದು ದಿನ ಅವನು ಇಡೀ ಒಂದು ಸಂಸಾರದ ತಲೆಗಳನ್ನು ಕತ್ತರಿಸಿ ಪಟ ತೆಗೆದಿದ್ದ. ಅಪ್ಪ ಗಿರಾಕಿಗಳ ಮುಂದೆಯೇ ಹೊಟ್ಟೆ ಹಿಡಿದು ನಕ್ಕು, ಕ್ಯಾಮೆರಾವನ್ನು ಅವನ ಕೈಯಿಂದ ತೆಗೆದು ಪುಟ್ಟಿಯ ಕೈಗೆ ಕೊಟ್ಟಿದ್ದರು. ಅವಳೂ ನಕ್ಕಿದ್ದಳು. ಅಂದು ಪರದೆಯ ಆಚೆ ಹೋಗಿ ನಿಂತ ಹುಡುಗ ಇಷ್ಟು ವರ್ಷ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಚೆನ್ನಾಗಿ ಬಂತಾ ಎಂದು ಕೇಳಲು ಹೆದರುವ ಮುಖ ಅದು. ಒತ್ತದೆ ಬಿಡಬಹುದಿತ್ತು. ಬಿಟ್ಟರೆ ಅಣ್ಣ ಗೆದ್ದ ಹಾಗಾಗುತ್ತಿತ್ತು, ಆದರೆ ಒತ್ತಬೇಕೆನ್ನಿಸಿದ್ದು ಅದಕ್ಕಲ್ಲ. ಬಿಟ್ಟರೆ ಈ ಮುಖವನ್ನು ಯಾರೂ ಎಂದೂ ನೋಡಿರುವುದಿಲ್ಲ, ಅವನೂ ಕೂಡ. ಕರುಣೆಯಿಂದ ಕಣ್ಣು ಮುಚ್ಚುವುದು ಅವಳ ಕೆಲಸವಲ್ಲ. ಒತ್ತಿದಳು. ಸದ್ದಾಗಲಿಲ್ಲ.

“ಆಯ್ತಾ?” ಎಂದ ಅಣ್ಣ.

“ಈಗ ಆಯ್ತು,” ಎಂದಳು. “ನಿಂಗೆ ಕೇಳಿಸಿದ ಎರಡೂ ಕ್ಯಾಮೆರಾದ್ದಲ್ಲ ಅಣ್ಣ, ನನ್ನ ಬಾಯಿಂದು. ತೆಗೆದದ್ದು ಆಮೇಲೆ.”

ಪರದೆಯನ್ನು ಅವನ ಕಡೆಗೆ ತಿರುಗಿಸಿ ಹಿಡಿದಳು. ಅವನು ನೋಡಿದ. ಅಳಿಸು ಎನ್ನುತ್ತಾನೆ ಎಂದು ಅವಳು ಕಾದಳು. ಎಂದರೆ ಇಲ್ಲ ಎನ್ನಲು ಸಿದ್ಧಳಾಗಿದ್ದಳು. ಅವನು ಅಳಿಸು ಎನ್ನಲಿಲ್ಲ. ಅತ್ತಿಗೆ ಹತ್ತಿರ ಬಂದು ಬಗ್ಗಿ ನೋಡಿ, “ಇವರನ್ನ ನೋಡಿ ಎಷ್ಟು ದಿನ ಆಗಿತ್ತು,” ಎಂದರು, ಗಂಡನಿಗೂ ಅಲ್ಲ, ನಾದಿನಿಗೂ ಅಲ್ಲ.

ಹೊರಗೆ ಬಾಗಿಲಿನ ಗಂಟೆ ಸದ್ದಾಯಿತು. “ಯಾರಿದ್ದೀರಿ, ಒಂದು ಫೋಟೋ ತೆಗೀಬೇಕಿತ್ತು,” ಎಂದು ಹೆಂಗಸಿನ ಧ್ವನಿ. ಅಣ್ಣ ಇಳಿಯಲು ಹೋಗಿ ಕಾಲಿನಿಂದ ನೆಲವನ್ನು ತಡಕಿದ. ಅವಳು ಕೈ ಕೊಟ್ಟು ಇಳಿಸಿದಳು. ಇಳಿದವನು ಅಭ್ಯಾಸಬಲದಿಂದ ಹೊಸ ಕ್ಯಾಮೆರಾಕ್ಕೆ ಕೈ ಚಾಚಿದ. ಅವಳು ಅದರ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು, ಮೇಜಿನ ಮೇಲಿದ್ದ ಹಳೆಯದನ್ನು ಎತ್ತಿ ಆ ಕೈಯಲ್ಲಿಟ್ಟಳು.

“ಇದು ನಿಂಗೆ. ಎಕ್ಸ್‌ಚೇಂಜಿಗೆ ಗಿಕ್ಸ್‌ಚೇಂಜಿಗೆ ಕೊಡ್ಬೇಡ. ಕಲಿಯೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಕಪ್ಪಾದಾಗ ತಲೆ ಎತ್ತಿ ನೋಡು, ಅಷ್ಟೇ.”

ಕಿತ್ತುಬಂದ ರಬ್ಬರಿನ ಮೇಲೆ ಅವನ ಹೆಬ್ಬೆರಳು ತಾನಾಗಿ ಓಡಾಡಿತು.

“ಈಗ ಅವರನ್ನ ಒಳಗೆ ಕಳಿಸು,” ಎಂದಳು. “ಪುಟ್ಟಿ ತೆಗೀತಾಳೆ ಅನ್ಬೇಡ.”

ಅಣ್ಣ ಪರದೆ ಸರಿಸಿ ಹೋದ. ಅವಳು ಕಿವಿಗೊಟ್ಟು ನಿಂತಳು. ಆಮೇಲೆ ಅವನ ಗಂಟಲು ಕೇಳಿಸಿತು, ಗಿರಾಕಿಗಳ ಮುಂದಿನ ಎಂದಿನ ಜೋರು ಇಲ್ಲದ ಗಂಟಲು: “ಒಳಗೆ ಹೋಗಿಮ್ಮಾ. ನನ್ನ ತಂಗಿ ಇದ್ದಾರೆ, ತೆಗೀತಾರೆ.”

ಅವಳು ಬಗ್ಗಿ, ಎರಡೂ ಕೈಯಲ್ಲಿ ಸ್ಟೂಲಿನ ತಲೆ ಹಿಡಿದು ತಿರುಗಿಸಿದಳು. ತುಕ್ಕು ಹಿಡಿದಿತ್ತು, ಮೊದಲು ಜಗ್ಗಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದಳು. ಕಿರ್ರೆಂದು ಬಿಟ್ಟುಕೊಂಡು ಅದು ಇಳಿಯತೊಡಗಿತು. ಕೂತವರ ಕಾಲು ನೆಲಕ್ಕೆ ತಾಕುವಷ್ಟು ತಗ್ಗಿಸಿ, ಕೆಟ್ಟುಹೋದ ಬೆಳಕನ್ನು ಮೊದಲಿನಿಂದ ಹೊಂದಿಸಲು ಅವಳು ದೀಪದ ಕಡೆಗೆ ನಡೆದಳು.